ವಾರದೊಳಗಿನ ಪ್ರೇಮ

ರೋಮಿಯೋ ಜೂಲಿಯೆಟ್ ಎಂದರೆ ಸಾಕು, ನಮ್ಮ ಹುಡುಗರ ಕಣ್ಣು ಅರೆ ಮುಚ್ಚುತ್ತದೆ. ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು ನಾಟಕ ಓದಿದವರು ಕಡಿಮೆ. ಭಾನುವಾರ ಬೆಳಿಗ್ಗೆ ರೋಮಿಯೋ ಕೊರಗುತ್ತಿದ್ದದ್ದು ರೋಸಲಿನ್ ಎಂಬ ಬೇರೊಬ್ಬಳಿಗಾಗಿ. ಅಂದೇ ರಾತ್ರಿ, ಕರೆಯದೆ ನುಗ್ಗಿದ ವೈರಿಮನೆಯ ಔತಣದಲ್ಲಿ ಜೂಲಿಯೆಟ್ ಕಂಡಳು. ಅವಳಿಗಿನ್ನೂ 14 ತುಂಬಿರಲಿಲ್ಲ. ಸೋಮವಾರ ಮದುವೆ, ಸೋಮವಾರವೇ ಕೊಲೆ, ಗಡೀಪಾರು. ವಾರ ಮುಗಿಯುವುದರೊಳಗೆ ಇಬ್ಬರೂ ಗೋರಿಯಲ್ಲಿ! ನಮ್ಮಲ್ಲಿ ಛತ್ರ ಸಿಗುವುದಕ್ಕೇ ಇದಕ್ಕಿಂತ ಹೆಚ್ಚು ದಿನ ಬೇಕು. ಹದವಾಗಿ ಪ್ರೀತಿಸಿ ಎಂದು ಪಾದ್ರಿಯೇನೋ ಬುದ್ಧಿ ಹೇಳಿದ. ಹೇಳಿದ ಬಾಯಿ ಆರುವ ಮೊದಲೇ ಮದುವೆಯನ್ನೂ ಮಾಡಿಸಿಬಿಟ್ಟ. ಹಿರಿಯರ ಬುದ್ಧಿವಾದದ ಪಾಡು ಎಂದಿಗೂ ಇಷ್ಟೇ.

ಅಕ್ಕನ ಮಗ ರಜೆಗೆ ಬಂದಿದ್ದ. ತಟ್ಟೆಯ ಪಕ್ಕದಲ್ಲೇ ಮೊಬೈಲು. ಹುಳಿಯನ್ನದ ಒಂದು ತುತ್ತು, ಪರದೆಯ ಕಡೆಗೊಂದು ನೋಟ. ವಾಟ್ಸಾಪಿನಲ್ಲಿ ಎರಡು ಟಿಕ್ಕೂ ನೀಲಿಯಾಗಿ ಹತ್ತು ನಿಮಿಷ ಆಯಿತಂತೆ, ಉತ್ತರವಿಲ್ಲ.

"ಮಾವ, ಓದಿ ಸುಮ್ನಿದ್ದಾಳೆ ಅಂದ್ರೆ ಏನರ್ಥ?"

"ಅವಳೂ ಊಟಕ್ಕೆ ಕೂತಿರಬಹುದು ಕಣೋ. ಕಲಸಿದ ಕೈಲಿ ಟೈಪ್ ಮಾಡೋಕಾಗತ್ತಾ?"

"ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಮಾವ."

ಎಡಗೈಯಲ್ಲೇ ಐದಾರು ಪ್ರಶ್ನೆ ಚಿಹ್ನೆ, ಒಂದು ಒಡೆದ ಹೃದಯ, ಮೇಲೊಂದು 'ಗುಡ್ ಬೈ' ಕಳಿಸಿ ಬ್ಲಾಕ್ ಮಾಡಿದ. ಮೊಸರು ಬಡಿಸುವಾಗ ಮತ್ತೆ ಅನ್‌ಬ್ಲಾಕ್. ಷೇಕ್ಸ್‌ಪಿಯರ್ ಐದು ಅಂಕ ಎಳೆದ ದುರಂತ ನಮ್ಮ ಮನೆಯಲ್ಲಿ ಹುಳಿಯಿಂದ ಮೊಸರಿಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ಹಾಗಂತ ಈ ಕಾಲದವರನ್ನೇ ಬೈಯುವಂತೆಯೂ ಇಲ್ಲ. ಕಾಳಿದಾಸನ ದುಷ್ಯಂತನಿಗೆ, ಊರಲ್ಲಿಲ್ಲದ ಕಣ್ವರು ವಾಪಸು ಬರಲಿ ಎಂಬಷ್ಟು ತಾಳ್ಮೆಯೂ ಇರಲಿಲ್ಲ. ಗಾಂಧರ್ವ ವಿವಾಹ ಮಾಡಿಕೊಂಡ, ಉಂಗುರ ತೊಡಿಸಿದ, ಅದರಲ್ಲಿರುವ ನನ್ನ ಹೆಸರಿನ ಅಕ್ಷರಗಳನ್ನು ದಿನಕ್ಕೊಂದರಂತೆ ಎಣಿಸು, ಮುಗಿಯುವುದರೊಳಗೆ ಕರೆಸಿಕೊಳ್ಳುತ್ತೇನೆ ಎಂದ. ದುಷ್ಯಂತ ಎಂದರೆ ಮೂರೇ ಅಕ್ಷರ! ರಾಜಕಾರ್ಯ ಬಿಟ್ಟು ಮೂರು ದಿನದಲ್ಲಿ ಪಲ್ಲಕ್ಕಿ ಕಳಿಸಲು ಸಾಧ್ಯವೇ? ನಮ್ಮ ಸಾಹಿತಿಗಳ ಹಾಗೆ ಊರಿನ ಹೆಸರು, ತಂದೆಯ ಹೆಸರು ಎಲ್ಲವನ್ನೂ ಹಿಂದೆ ಮುಂದೆ ಸೇರಿಸಿಕೊಂಡಿದ್ದರೆ ಒಂದೆರಡು ವಾರವಾದರೂ ಬಿಡುವು ಸಿಗುತ್ತಿತ್ತು. ಪಾಪ, ಶಕುಂತಲೆ ಅವನ ಧ್ಯಾನದಲ್ಲೇ ಕೂತು, ಬಾಗಿಲಿಗೆ ಬಂದ ದುರ್ವಾಸರ ಕೂಗನ್ನೂ ಕೇಳಿಸಿಕೊಳ್ಳಲಿಲ್ಲ.

ಹುಡುಗರೇ, ಪ್ರೀತಿಸಬೇಡಿ ಎನ್ನಲು ನಾನ್ಯಾರು? ಧಾರಾಳವಾಗಿ ಪ್ರೀತಿಸಿ. ಆ ಹುಡುಗಿ ಉಂಡು ಕೈ ತೊಳೆಯುವಷ್ಟು ಹೊತ್ತಾದರೂ ಕಾಯಿರಪ್ಪ.