ಊಟದ ಹೊತ್ತಿಗೊಂದು ಪೊಟ್ಟಣ

ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಊಟವೆಂಬ ಗದ್ದಲ ಕಡಿಮೆಯಾಗುತ್ತಿದೆ. ಕ್ಯಾರಿಯರ್ ಬಿಚ್ಚುವ ಸದ್ದಿಲ್ಲ, ಹುಳಿಯ ಘಮ ಏಸಿಗೆ ಹತ್ತಿ ಎಚ್‌ಆರ್‌ನಿಂದ ಮೇಲ್ ಬರುವ ಭಯವಿಲ್ಲ. ಡ್ರಾಯರ್ ಎಳೆದು, ಪೊಟ್ಟಣ ಹರಿದು, ಮಗ್ಗಿಗೆ ಸುರಿದು, ಪ್ಯಾಂಟ್ರಿಯ ಬಿಸಿನೀರು ಹಿಡಿದು ಚಮಚ ತಿರುಗಿಸಿದರೆ ಸೂಪು ಸಿದ್ಧ. ಅಡುಗೆ, ಊಟ, ಪಾತ್ರೆ ತೊಳೆಯುವುದು ಎಲ್ಲವೂ ಕಾಲ್‌ನಲ್ಲಿ ಮ್ಯೂಟ್ ಒತ್ತಿದಷ್ಟು ಹೊತ್ತಿನಲ್ಲೇ ಮುಗಿಯುತ್ತವೆ. ಕೇಳಿದರೆ, "ಹೊಟ್ಟೆಗೂ ಹಿತ, ಮನಸ್ಸಿಗೂ ಹಿತ" ಎನ್ನುತ್ತಾರೆ.

ನಿಜವಾದ ಹಿತ ಯಾರಿಗೆ ಎಂಬುದು ಪೊಟ್ಟಣದ ಚರಿತ್ರೆಯಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಹಿಟ್ಟಿನ ಗಿರಣಿಯ ಮಾಲೀಕ ಜೂಲಿಯಸ್ ಮ್ಯಾಗಿ 1886ರಲ್ಲಿ ಬಟಾಣಿ, ಬೀನ್ಸ್ ಕಾಳುಗಳ ಸೂಪಿನ ಪುಡಿಯನ್ನು ಪೇಟೆಗೆ ತಂದ. ಹೆಂಗಸರೂ ಕಾರ್ಖಾನೆ ಸೇರಿ, ಮನೆಯಲ್ಲಿ ಬೇಯಿಸಲು ಯಾರಿಗೂ ಪುರಸೊತ್ತಿಲ್ಲದೆ ಕೂಲಿಕಾರರು ಸೊರಗುತ್ತಿದ್ದ ಕಾಲ ಅದು. ಬಿಡುವು ಕೊಡುವುದಕ್ಕಿಂತ ಪುಡಿ ಕೊಡುವುದು ಅಗ್ಗ ಎಂಬ ಜ್ಞಾನೋದಯ ಆಗಲೇ ಆಗಿತ್ತು. ಆದರೂ ಆ ಪುಣ್ಯಾತ್ಮನ ಪುಡಿಯಲ್ಲಿ ಕಾಳಾದರೂ ಇತ್ತು.

ನಮ್ಮ ಪೊಟ್ಟಣವನ್ನು ತಿರುಗಿಸಿ ನೋಡಿ. ಮುಂದುಗಡೆ ಕೆಂಪು ಟೊಮೆಟೊ, ಹಸಿರು ಬಟಾಣಿ, ಮೇಲೇಳುವ ಹಬೆ. ಹಿಂದುಗಡೆ ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ ಸತ್ಯ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂದು ಕಾನೂನಿದೆ. ಆ ಮೆರವಣಿಗೆಯ ಮುಂದೆ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಉಪ್ಪು. ತರಕಾರಿ ಹಿಂದಿನಿಂದ ಒಣಗಿಕೊಂಡು ಬರುತ್ತದೆ. ಬಾಲದಲ್ಲಿ 627, 631 ಎಂಬ ಸಂಖ್ಯೆಗಳು ಕಂಡರೆ ಬಸ್ ನಂಬರೆಂದು ಓಡಬೇಡಿ, ಅವು ರುಚಿ ಉಬ್ಬಿಸುವ ಪದಾರ್ಥಗಳು. ದಿನಕ್ಕೆ 5 ಗ್ರಾಂ ಉಪ್ಪಿನೊಳಗೇ ಇರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುತ್ತದೆ. ಅದನ್ನೂ ಮ್ಯೂಟ್ ಮಾಡಿದರಾಯಿತು. ಅಜ್ಜಿ ಕೊಟ್ಟ ರಾಗಿಗಂಜಿಗೆ ಮೂಗು ಮುರಿದವರು ಜೋಳದ ಪಿಷ್ಟದ ಗಂಜಿಯನ್ನು ದುಡ್ಡು ಕೊಟ್ಟು ಊದಿ ಊದಿ ಕುಡಿಯುತ್ತಿದ್ದಾರೆ.

ಇನ್ನು ಅಮೆರಿಕದ ಡಬ್ಬಿ ಸೂಪಿನ ಕಥೆ. ಕ್ಯಾಂಪ್‌ಬೆಲ್ ಕಂಪನಿಯ ರಸಾಯನಶಾಸ್ತ್ರಜ್ಞ ಜಾನ್ ಡೊರಾನ್ಸ್ 1897ರಲ್ಲಿ ಮಾಡಿದ ಘನಂದಾರಿ ಶೋಧವೆಂದರೆ ಸೂಪಿನಿಂದ ನೀರು ತೆಗೆದದ್ದು. ಸಾಗಣೆ ಖರ್ಚು ಕಂಪನಿಗೆ ಉಳಿಯಿತು, ನೀರು ಹಾಕುವ ಕೆಲಸ ಗಿರಾಕಿಯ ತಲೆಗೆ ಬಂತು. ಇಪ್ಪತ್ತು ವರ್ಷ ಮಧ್ಯಾಹ್ನ ಅದನ್ನೇ ಉಂಡೆನೆಂದು ಹೇಳಿಕೊಂಡ ಕಲಾವಿದ ಆಂಡಿ ವಾರ್ಹಾಲ್, 1962ರಲ್ಲಿ ಆ ಡಬ್ಬಿಗಳ 32 ಚಿತ್ರ ಬರೆದು ಜಗತ್ಪ್ರಸಿದ್ಧನಾದ. ಅವೀಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ನಮ್ಮವರೂ ಸೂಪು ಕುಡಿದೇ 32 ಸ್ಲೈಡು ಮಾಡುತ್ತಾರೆ, ಮ್ಯಾನೇಜರ್ ಮೂರನೆಯದರಲ್ಲೇ ಸಾಕೆನ್ನುತ್ತಾನೆ.

ನಾಲ್ಕು ಗಂಟೆಗೆ ಹೊಟ್ಟೆ ತಾನೇ ಮ್ಯೂಟ್ ತೆಗೆಯುತ್ತದೆ. ಆಗ ದರ್ಶಿನಿಯ ಮುಂದೆ ನಿಂತು ಎರಡು ಪ್ಲೇಟ್ ಮಂಗಳೂರು ಬಜ್ಜಿ. "ಮಧ್ಯಾಹ್ನ ಬರೀ ಸೂಪು" ಎಂಬ ಪುಣ್ಯ ಮೊದಲೇ ಜಮೆಯಾಗಿರುವುದರಿಂದ ಬಜ್ಜಿಯ ಪಾಪ ತಟ್ಟುವುದಿಲ್ಲ.

1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದಿತು. ಆ ಅರ್ಧ ಗಂಟೆಗಾಗಿ ಮುಷ್ಕರ ಹೂಡಲು ಒಂದು ಪೀಳಿಗೆ ಸಿದ್ಧವಿತ್ತು. ನಾವು ಅದನ್ನು ಯಾರೂ ಕೇಳದೆಯೇ ಹಿಂದಿರುಗಿಸಿದ್ದೇವೆ, ಅದೂ ನಮ್ಮ ಖರ್ಚಿನಲ್ಲಿ ಕೊಂಡ ಪೊಟ್ಟಣದ ಸಹಾಯದಿಂದ. ಇಷ್ಟು ಒಳ್ಳೆಯ ನೌಕರರು ಜೂಲಿಯಸ್ ಮ್ಯಾಗಿಯ ಕಾಲದ ಮಾಲೀಕರಿಗೂ ಸಿಕ್ಕಿರಲಾರರು.

ಸೂಪು ಕುಡಿಯಿರಿ, ಯಾರೂ ಬೇಡವೆನ್ನುವುದಿಲ್ಲ. ಊಟಕ್ಕೆ ಮುಂಚೆ ಕುಡಿಯಿರಿ, ಊಟದ ಬದಲಿಗೆ ಬೇಡ. ಕುಡಿಯುವ ಮುನ್ನ ಲ್ಯಾಪ್‌ಟಾಪ್ ಮುಚ್ಚಿ.