ಕನ್ಯಾಕುಮಾರಿಯಿಂದ ಈಚೆ

ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ತುಳಿಯುವವರಿಗೆ ದಾರಿಯುದ್ದಕ್ಕೂ ಹಾರ ಹಾಕುತ್ತಾರೆ, ಚಹಾ ಕುಡಿಸುತ್ತಾರೆ, ಪಕ್ಕ ನಿಂತು ಸೆಲ್ಫಿ ಹೊಡೆದುಕೊಳ್ಳುತ್ತಾರೆ. ಹಾಗೆ ತುಳಿದು ಮನೆಗೆ ಬಂದವರನ್ನು ಸಂಭಾಳಿಸುವವರ ಕೈಗೆ ಯಾರಾದರೂ ಒಂದು ನಿಂಬೆಹಣ್ಣನ್ನಾದರೂ ಇಟ್ಟದ್ದು ನಾ ಕಾಣೆ. ಶ್ರೀನಗರದಿಂದ ಬರುವ 44ನೇ ನಂಬರಿನ ಹೆದ್ದಾರಿ 3,500 ಕಿಲೋಮೀಟರಿಗೂ ಹೆಚ್ಚು ಉದ್ದ. ನನ್ನ ಪ್ರಕಾರ ಅದು ಸುಲಭದ ಭಾಗ. ಅಸಲಿ ಏರು ಶುರುವಾಗುವುದು ಸೈಕಲ್ಲಿಗೆ ಗೋಣಿ ಸುತ್ತಿ ಐಲ್ಯಾಂಡ್ ಎಕ್ಸ್‌ಪ್ರೆಸ್ಸಿನ ಲಗೇಜ್ ಬೋಗಿಗೆ ಹಾಕಿದ ಮೇಲೆ.

ನಮ್ಮ ಯಜಮಾನರು ಬಂದಿಳಿದಾಗ ಮುಖ ಕಪ್ಪು, ತೋಳು ಕಪ್ಪು, ಗ್ಲೌಸ್ ಹಾಕಿದ್ದ ಕೈ ಮಾತ್ರ ಬೆಳ್ಳಗೆ. ಮಾರನೆಯ ದಿನ ಎದೆಯುಬ್ಬಿಸಿ ತರಕಾರಿ ಅಂಗಡಿಗೆ ಹೋದರು. "ಎಲ್ಲಿಂದ ಬಂದ್ರಿ?" ಅಂತ ಯಾರಾದರೂ ಕೇಳಲಿ ಅಂತ. ಪಂಜಾಬಿನ ಢಾಬಾದವನು ಕೇಳಿದ್ದ, ನಾಗಪುರದಲ್ಲಿ ಕಿತ್ತಳೆ ಮಾರುವವನು ಕೇಳಿದ್ದ. ನಮ್ಮ ತರಕಾರಿಯವನು ಮೇಲಿಂದ ಕೆಳಗೆ ನೋಡಿ, "ಏನ್ ಸಾರ್ ಇಷ್ಟೊಂದು ಇಳಿದುಹೋಗಿದೀರಾ, ಶುಗರ್ರಾ?" ಅಂದ. ಕೊತ್ತಂಬರಿ ಸೊಪ್ಪು ಮರೆತು ವಾಪಸ್ ಬಂದರು.

ದಿನಕ್ಕೆ 100 ಕಿಲೋಮೀಟರ್ ತುಳಿಯುವವರಿಗೆ ಮಾಮೂಲಿ ಊಟದ ಎರಡರಷ್ಟು ಬೇಕಂತೆ. ಸರಿ, ತುಳಿಯುವುದು ನಿಂತಿತು. ಹೊಟ್ಟೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎಚ್ಚರವಾಗಿ ಅಡುಗೆಮನೆಯಲ್ಲಿ ಡಬ್ಬಿ ತೆರೆಯುವ ಸದ್ದು ಕೇಳಿದರೆ ನನಗೀಗ ಕಳ್ಳರ ಭಯವಿಲ್ಲ, ಚಕ್ಕುಲಿಯ ಚಿಂತೆ.

ಇನ್ನು ಬೆರಳುಗಳ ಕಥೆ. ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು. ದಿನವಿಡೀ ಮೈಭಾರ ಹ್ಯಾಂಡಲ್ ಮೇಲೆ ಬಿದ್ದು, ಅಂಗೈ ಬುಡದಲ್ಲಿ ಹಾಯುವ ಅಲ್ನರ್ ನರ ಒತ್ತಿಹೋಗಿದೆ, ಸರಿಹೋಗಲು ಕೆಲವು ವಾರ ಬೇಕು ಅಂದರು ಡಾಕ್ಟರು. ಹೀಗಾಗಿ ಕಾಯಿ ತುರಿಯಲು ಆಗುವುದಿಲ್ಲ, ಪಾತ್ರೆ ಹಿಡಿದರೆ ಜಾರುತ್ತದೆ. ಟೀವಿ ರಿಮೋಟು ಹೆಬ್ಬೆರಳಿನ ಇಲಾಖೆ. ಅದಕ್ಕೇನೂ ಆಗಿಲ್ಲ.

ಆಫೀಸಿನ ಕುರ್ಚಿಯಲ್ಲಿ ಕೂತರೆ ಬೆನ್ನುನೋವಂತೆ! ಅಂಗೈಯಗಲದ ಸೀಟಿನ ಮೇಲೆ ದೇಶ ದಾಟಿದವರು ಹೇಳುವ ಮಾತು. ರಸ್ತೆಯಲ್ಲಿ ಕೆಲಸ ಒಂದೇ: ತುಳಿ, ತಿನ್ನು, ಮಲಗು. ಗ್ಯಾಸ್ ಬುಕ್ ಮಾಡು ಅಂತ ಪಟ್ನಿಟಾಪ್ ಏರಿನಲ್ಲಿ ಯಾರೂ ಹೇಳಲಿಲ್ಲ. ಇಲ್ಲಿ ಕರೆಂಟ್ ಬಿಲ್ಲು, ಅಪಾರ್ಟ್‌ಮೆಂಟ್ ಮೀಟಿಂಗು, ನಾದಿನಿ ಮಗನ ಮುಂಜಿ. ಪಾಪ, ಒಂದೊಂದಕ್ಕೂ ಮೊದಲ ಸಲ ಕೇಳಿದಂತೆ ಕಣ್ಣು ಬಿಡುತ್ತಾರೆ.

ಅದೂ ಸಹಿಸಬಹುದು, ವೈರಾಗ್ಯ ಸಹಿಸಲಾಗದು. "ನೋಡೇ, ಮನುಷ್ಯನಿಗೆ ಎರಡು ಅಂಗಿ, ಒಂದು ತಟ್ಟೆ ಸಾಕು. ಈ ಮನೇಲಿ ಎಷ್ಟೊಂದು ಸಾಮಾನು!" ಅಂತ ನನ್ನ ಸೀರೆಗಳ ಬೀರು ನೋಡುತ್ತಾ ಅಂದರು. ಆ ಎರಡು ಅಂಗಿಗಳನ್ನು ದಾರಿಯಲ್ಲಿ ದಿನಾ ರಾತ್ರಿ ಲಾಡ್ಜಿನ ಬಕೆಟ್ಟಿನಲ್ಲಿ ಒಗೆದು, ಬೆಳಗ್ಗೆ ಕ್ಯಾರಿಯರಿಗೆ ಕಟ್ಟಿ ಒಣಗಿಸಿದ್ದು ಸಾಕ್ಷಾತ್ ಇವರೇ. ಫೋಟೋ ಇದೆ. ಈಗ ಅದೇ ಅಂಗಿ ಕುರ್ಚಿಯ ಬೆನ್ನ ಮೇಲೆ ನನ್ನ ದಾರಿ ಕಾಯುತ್ತಿರುತ್ತದೆ. ಸೈಕಲ್ಲೋ, ಹಾಲಿನ ನಟ್ಟನಡುವೆ. ಚೈನಿಗೆ ಎಣ್ಣೆಯ ಅಭಿಷೇಕ, ಒರೆಸಲು ನನ್ನ ಹಳೆಯ ರವಿಕೆ. ಎರಡು ಮಾರು ದೂರದಲ್ಲಿ ಬಚ್ಚಲ ಬಾಗಿಲು ಕಿರ್ ಅನ್ನುತ್ತಲೇ ಇದೆ, ಅದಕ್ಕೆ ಒಂದು ತೊಟ್ಟಿಲ್ಲ.

ಒಮ್ಮೆ ರೇಗಿದಾಗ ಮಹಾನಂದಿಯಾರ ಕಥೆ ತೆಗೆದರು. ಒಡಿಶಾದ ಆ ಕಲಾವಿದ 1977ರಲ್ಲಿ ದೆಹಲಿಯಿಂದ ಸೈಕಲ್ ಹತ್ತಿ, ಮೆಚ್ಚಿದ ಹುಡುಗಿಗಾಗಿ ಸ್ವೀಡನ್ನಿಗೆ ಹೋದವರು. "ರೀ, ಅವರು ತುಳಿದದ್ದು ಹೆಂಡತಿಯ ಕಡೆಗೆ" ಅಂದೆ. ಮಾತಿಲ್ಲ. ಜರ್ಮನಿಯ ಹೈಂಜ್ ಸ್ಟೂಕೆ ಇನ್ನೂ ಜಾಣ. 1962ರಲ್ಲಿ ಊರು ಬಿಟ್ಟವನು ಅರ್ಧ ಶತಮಾನ ಲೋಕ ಸುತ್ತುತ್ತಲೇ ಇದ್ದ. ಮನೆಗೆ ಬಂದರೆ ಬಚ್ಚಲ ಬಾಗಿಲು ಕಾದಿರುತ್ತದೆ ಅಂತ ಅವನಿಗೆ ಮೊದಲೇ ಹೊಳೆದಿರಬೇಕು.

ನಮ್ಮವರದು ಇನ್ನೊಂದು ವಿಶೇಷ. ಆ ಹೆದ್ದಾರಿ ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಬೆಂಗಳೂರಿಗೇ ಬರುತ್ತದಲ್ಲ! ಒಂದು ಸಂಜೆ ಬಾಗಿಲು ತಟ್ಟಿದರು, ಎರಡು ಪಾವಿನ ಬಿಸಿಬೇಳೆಬಾತ್ ಒಬ್ಬರೇ ಮುಗಿಸಿದರು, ಕೊಳೆಬಟ್ಟೆಯ ಗಂಟು ನನ್ನ ಕೈಗಿತ್ತು ಬೆಳಗ್ಗೆ ಹೊಸೂರಿನ ಕಡೆ ಹೊರಟೇಬಿಟ್ಟರು. ಲಾಡ್ಜಿನವರಾದರೆ ಬಿಲ್ಲು ಕೊಡುತ್ತಿದ್ದರು.

ಮೊನ್ನೆ ರಾತ್ರಿ ನೋಡುತ್ತೇನೆ, ಹೊದಿಕೆಯೊಳಗೆ ಫೋನಿನ ಬೆಳಕು. ಗುಜರಾತಿನ ಕೋಟೇಶ್ವರದಿಂದ ಅರುಣಾಚಲದ ಕಿಬಿಥೂವರೆಗೆ ಮ್ಯಾಪಿನಲ್ಲಿ ಗೆರೆ ಎಳೆಯುತ್ತಿದ್ದಾರೆ.

"ಮಧ್ಯೆ ಬೆಂಗಳೂರು ಬರುತ್ತಾ?" ಅಂದೆ.

"ಇಲ್ವೇ, ಅದು ತುಂಬಾ ಮೇಲಿನ ದಾರಿ."

"ಹಾಗಾದ್ರೆ ಧಾರಾಳವಾಗಿ ಹೋಗಿಬನ್ನಿ."