ಕವರ್ ಮಾಡುವ ರಾಯರು

ಮಗಳ ಬಾಣಂತನಕ್ಕೆ ಮೆಲ್ಬೋರ್ನ್‌ಗೆ ಹೊರಟ ರಾಯರು ನಡುವೆ ಬ್ರೂನೈಯಲ್ಲಿ ಇಳಿಯುವುದು ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು. ಹಾಗಂತ ಅವರು ಹೇಳುವುದಿಲ್ಲ. ‘ಹೇಗೂ ಪ್ಲೇನ್ ಬದಲಿಸಬೇಕಲ್ಲ, ಎರಡು ದಿನ ಇದ್ದು ಬ್ರೂನೈ ಕವರ್ ಮಾಡಿಬಿಡೋಣ ಅಂತ’ ಎಂದು ಫೋನ್ ಮಾಡುತ್ತಾರೆ. ಬ್ರೂನೈಯಲ್ಲಿರುವ ನನ್ನ ನಂಬರನ್ನು ಅವರಿಗೆ ಕೊಟ್ಟವರು ನನ್ನ ಷಡ್ಡಕನ ಆಫೀಸಿನವರು. 2024ರ ಕೊನೆಗೆ ಚೆನ್ನೈಯಿಂದ ಇಲ್ಲಿಗೆ ನೇರ ವಿಮಾನ ಶುರುವಾದ ಮೇಲೆ ಇಂಥ ಫೋನುಗಳು ಹೆಚ್ಚಾಗಿವೆ.

ರಾಯರ ಲೆಕ್ಕದಲ್ಲಿ ಊರುಗಳಿರುವುದು ಕವರ್ ಆಗುವುದಕ್ಕೆ. ಸಿಂಗಪುರ ಆಗಿದೆ, ಥಾಯ್ಲೆಂಡ್ ಆಗಿದೆ, ಯುರೋಪು ‘ಒಂದು ರೌಂಡ್’ ಆಗಿದೆ. ಬೀಗರು ಬಾಲಿ ಮಾಡಿ ಬಂದು ಆರು ತಿಂಗಳು ಅದನ್ನೇ ಹೇಳಿದ್ದರಂತೆ. ಬ್ರೂನೈ ಮಾತ್ರ ಅವರ ಬಳಗದಲ್ಲಿ ಯಾರೂ ಮಾಡಿಲ್ಲ. ಅದು ಬೋರ್ನಿಯೋ ದ್ವೀಪದಲ್ಲಿದೆ, ಹಾಸನ ಜಿಲ್ಲೆಗಿಂತ ಚಿಕ್ಕದು ಎಂದು ತಿಳಿದ ಮೇಲಂತೂ ಎರಡು ದಿನ ಹೆಚ್ಚಾಯಿತೇನೋ ಎಂಬ ಅನುಮಾನ ಅವರಿಗೆ.

ರಾಯರು ತಂದ ಪಟ್ಟಿಯಲ್ಲಿ ಶುಕ್ರವಾರ ಹನ್ನೆರಡರಿಂದ ಎರಡು ಗಂಟೆಗೆ ‘ಊಟ, ಶಾಪಿಂಗ್’ ಎಂದಿತ್ತು. ಬಂದರ್ ಸೆರಿ ಬೆಗವಾನ್‌ನಲ್ಲಿ ಆ ಎರಡು ಗಂಟೆ ಎಲ್ಲವೂ ಬಂದ್. ಹೋಟೆಲು, ಅಂಗಡಿ, ಆಫೀಸು, ಎಲ್ಲ. ನಮಾಜಿನ ಹೊತ್ತು, ಕಾನೂನೇ ಹಾಗಿದೆ. ‘ರಾಜಧಾನಿ ಅಂತೀರಿ, ಹೀಗೆ ಬಾಗಿಲು ಹಾಕಿಕೊಂಡರೆ ಹೇಗ್ರೀ?’ ಎಂದು ನನ್ನನ್ನೇ ಕೇಳಿದರು, ಬಾಗಿಲು ಹಾಕಿಸಿದವನು ನಾನೇ ಎಂಬಂತೆ. ಅಮ್ಮ, ಅಂದರೆ ರಾಯರ ಹೆಂಡತಿ, ಹೊಳೆ ದಂಡೆಯ ನೆರಳಲ್ಲಿ ಕೂತು ಬ್ಯಾಗಿನಿಂದ ಚಪಾತಿ ತೆಗೆದರು.

ರಸ್ತೆ ದಾಟುವಾಗ ಇನ್ನೊಂದು ಕಷ್ಟ. ರಾಯರು ಜೀಬ್ರಾ ಪಟ್ಟೆಯ ಅಂಚಿಗೆ ಬಂದು ನಿಂತರೆ ಕಾರು ನಿಂತಿತು. ‘ನೀವು ಹೋಗಿ’ ಎಂದು ರಾಯರು ಕೈಬೀಸಿದರು. ಕಾರಿನವನು ನಕ್ಕ, ಅಲುಗಲಿಲ್ಲ. ಅದರ ಹಿಂದೆ ಇನ್ನೆರಡು ನಿಂತವು. ಒಂದೂ ಹಾರ್ನ್ ಇಲ್ಲ. ಬೆಂಗಳೂರಿನಲ್ಲಿ ನಲವತ್ತು ವರ್ಷ ರಸ್ತೆ ದಾಟಿ ಬದುಕಿ ಉಳಿದ ಮನುಷ್ಯನಿಗೆ ಇದು ಯಾವುದೋ ಸಂಚಿನಂತೆ ಕಂಡಿರಬೇಕು. ಕೊನೆಗೆ ಅಮ್ಮ ಕೈ ಹಿಡಿದು ದಾಟಿಸಿದರು. ಆಚೆ ದಡ ಸೇರಿದ ಮೇಲೂ ರಾಯರು ಎರಡು ಸಲ ಹಿಂತಿರುಗಿ ನೋಡಿದರು.

ಒಮರ್ ಅಲಿ ಸೈಫುದ್ದೀನ್ ಮಸೀದಿಯ ಚಿನ್ನದ ಗುಮ್ಮಟ ಕಂಡೊಡನೆ ಬಂದ ಪ್ರಶ್ನೆ: ‘ಎಷ್ಟು ಕೆಜಿ?’ 1958ರಲ್ಲಿ ಕಟ್ಟಿ ಮುಗಿಸಿದ್ದು, ಸುತ್ತ ಕೊಳ, ಕೊಳದಲ್ಲಿ ಕಲ್ಲಿನ ರಾಜನೌಕೆ ಎಂದೆಲ್ಲ ನಾನು ಹೇಳಿದ್ದು ಗಾಳಿಗೆ ಹೋಯಿತು. ಇನ್ನೊಂದು ದೊಡ್ಡ ಮಸೀದಿಗೆ ಇಪ್ಪತ್ತೊಂಬತ್ತು ಚಿನ್ನದ ಗುಮ್ಮಟ, ಈಗಿನ ಸುಲ್ತಾನ ಹಸನಲ್ ಬೋಲ್ಕಿಯಾ ಇಪ್ಪತ್ತೊಂಬತ್ತನೆಯವರಾದ್ದರಿಂದ. ಇದನ್ನು ಬಾಯಿಬಿಟ್ಟಿದ್ದೇ ತಡ, ಕಾರಿನಲ್ಲಿ ಮಸೀದಿಗೆ ಪ್ರದಕ್ಷಿಣೆ. ‘ಇಪ್ಪತ್ತೇಳೇ ಸಿಕ್ಕಿದ್ದು, ಇನ್ನೊಂದು ಸುತ್ತು ಹೋಗಿ.’ ಸುಲ್ತಾನರ ಅರಮನೆಗೆ 1,788 ಕೋಣೆ, 257 ಬಚ್ಚಲು. ರಂಜಾನ್ ಹಬ್ಬದ ಮೂರು ದಿನ ಬಿಟ್ಟರೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಆ ದಿನಗಳಲ್ಲಿ ಬಂದವರಿಗೆಲ್ಲ ಒಳಗೆ ಊಟ ಹಾಕುತ್ತಾರೆ. ಬಾಣಂತನದ ತಾರೀಕು ಹಬ್ಬದ ಜೊತೆ ಕೂಡಿಬಾರದ್ದಕ್ಕೆ ರಾಯರು ಅಳಿಯನನ್ನು ಮನಸ್ಸಿನಲ್ಲೇ ಬೈದುಕೊಂಡ ಹಾಗೆ ನನಗನ್ನಿಸಿತು. ಪಾರ್ಕಿನ ಮರಗಳ ಸಂದಿಯಿಂದ ಕಂಡ ಅರಮನೆಯ ಒಂದು ಚೂರನ್ನೇ ಫೋಟೋ ತೆಗೆದು ‘ಇದೂ ಕವರ್ ಆಯ್ತು’ ಎಂದರು. ಅಮ್ಮ ಬಚ್ಚಲಿನಲ್ಲೇ ನಿಂತಿದ್ದರು: ‘ದಿನಕ್ಕೊಂದು ತೊಳೆದರೂ ಎಂಟು ತಿಂಗಳು ಮೀರುತ್ತೆ.’

ರಾಯರು ಮನಸಾರೆ ಖುಷಿಪಟ್ಟಿದ್ದು ಒಂದೇ ಕಡೆ, ದೋಣಿಯ ಬಾಡಿಗೆ ಕೊಡುವಾಗ. ಹಿಂದೆ ಸಿಂಗಪುರ ಕವರ್ ಮಾಡಿದಾಗ ಉಳಿದಿದ್ದ ನೋಟುಗಳು ಪರ್ಸಿನ ಮೂಲೆಯಲ್ಲಿದ್ದವು. 1967ರ ಒಪ್ಪಂದದ ಪ್ರಕಾರ ಸಿಂಗಪುರದ ಡಾಲರೂ ಬ್ರೂನೈ ಡಾಲರೂ ಸಮಸಮ, ಸಿಂಗಪುರದ ನೋಟು ಇಲ್ಲಿ ನಡೆಯುತ್ತದೆ. ದೋಣಿಯವನು ತೆಗೆದುಕೊಂಡೇಬಿಟ್ಟ. ರಾಯರು ಅವನ ಬೆನ್ನು ತಟ್ಟಿದರು.

ಆ ದೋಣಿ ಹೋಗುವುದು ಕಂಪೋಂಗ್ ಆಯರ್‌ಗೆ. ಹೊಳೆಯೊಳಗೆ ಕಂಬ ನೆಟ್ಟು ಅದರ ಮೇಲೆ ಕಟ್ಟಿದ ಊರು. ಶಾಲೆ, ಮಸೀದಿ, ಪೊಲೀಸ್ ಠಾಣೆ, ದೋಣಿಗಳಿಗೆ ಪೆಟ್ರೋಲ್ ಬಂಕ್, ಎಲ್ಲ ನೀರಿನ ಮೇಲೆಯೇ. ನಾವಿಕ ಮೆಗೆಲನ್ ಸತ್ತ ಮೇಲೆ ಅವನ ತಂಡದ ಉಳಿದ ಹಡಗುಗಳಲ್ಲಿ 1521ರಲ್ಲಿ ಇಲ್ಲಿಗೆ ಬಂದ ಪ್ರವಾಸಕಥನಕಾರ ಪಿಗಾಫೆಟ್ಟ ಇಪ್ಪತ್ತೈದು ಸಾವಿರ ಮನೆ ಎಂದು ಬರೆದುಕೊಂಡ. ‘ಎಣಿಸಿಯೇ ಬರೆದನಾ?’ ಎಂದು ಕೇಳಿದ ರಾಯರ ದನಿಯಲ್ಲಿ, ತನ್ನವನೊಬ್ಬ ಐನೂರು ವರ್ಷದ ಹಿಂದೆಯೇ ಬಂದು ಹೋದನಲ್ಲ ಎಂಬ ಗೌರವವಿತ್ತು. ಅಷ್ಟರಲ್ಲಿ ಅಮ್ಮ ಒಂದು ಮನೆಯ ಮುಂದಿನ ಹಲಗೆಯ ಮೇಲೆ ಪೇಂಟಿನ ಡಬ್ಬಿಗಳಲ್ಲಿ ಬೆಳೆಸಿದ್ದ ಕರಿಬೇವು ನೋಡಿ, ಆ ಮನೆಯಾಕೆಯ ಜೊತೆ ಬರೀ ಕೈಸನ್ನೆಯಲ್ಲಿ ಹರಟೆ ಶುರುಮಾಡಿದ್ದರು. ಬರುವಾಗ ಅವರ ಕೈಯಲ್ಲಿ ಎರಡೆಸಳು ಸೊಪ್ಪಿತ್ತು.

ಸಂಜೆಯ ಹೊತ್ತಿಗೆ ದೋಣಿಯವನು ಹೊಳೆಯ ಮೇಲಕ್ಕೆ, ಅರಮನೆ ದಾಟಿ, ಕಾಂಡ್ಲಾ ಕಾಡಿನ ಬದಿಗೆ ಕರೆದೊಯ್ದ. ಉದ್ದ ಮೂಗಿನ ಮಂಗಗಳು ನಿದ್ದೆಗೆ ನೀರಂಚಿನ ಮರಕ್ಕೆ ಬರುತ್ತವೆ. ಬೋರ್ನಿಯೋ ಬಿಟ್ಟು ಬೇರೆಲ್ಲೂ ಇರದ ಪ್ರಾಣಿ. ಗಂಡು ಮಂಗ ಕೊಂಬೆಯ ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತಿತ್ತು. ಬಾಯಿಯ ಮೇಲೆ ಜೋಲುವ ಮೂಗು, ತೊಡೆಯ ಮೇಲೆ ಇಟ್ಟುಕೊಂಡ ಡೊಳ್ಳು ಹೊಟ್ಟೆ. ತಿಂದ ಎಲೆ ಹೊಟ್ಟೆಯಲ್ಲಿ ಹುದುಗಿ ಅರಗಲು ಬಹಳ ಹೊತ್ತು ಬೇಕು, ಅದಕ್ಕೇ ಹೀಗೆ ಕೂತಿರುತ್ತದೆ, ಎಂದ ದೋಣಿಯವನು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ‘ಪೆನ್ಷನ್ ಬರುತ್ತಂತಾ ಕೇಳಿ’ ಎಂದರು. ರಾಯರಿಗೆ ಕೇಳಿಸಲಿಲ್ಲ, ಅವರು ಮಂಗ ಯಾವಾಗ ಜಿಗಿಯುತ್ತದೋ ಎಂದು ವಿಡಿಯೋ ಹಿಡಿದು ಕಾಯುತ್ತಿದ್ದರು. ಅದು ಜಿಗಿಯಲೇ ಇಲ್ಲ.

ರಾತ್ರಿ ಅಂಬುಯಾತ್ ತಿನ್ನಿಸಿದೆ. ಸಾಗೋ ಮರದ ತಿರುಳಿನ ಹಿಟ್ಟಿಗೆ ಬಿಸಿನೀರು ಹಾಕಿ ತಿರುವಿದ ಅಂಟು. ಬಿದಿರಿನ ಕವೆಗೋಲಿಗೆ ಸುತ್ತಿ, ಹುಳಿ ಗೊಜ್ಜಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಇಲ್ಲಿಯ ಗೊಜ್ಜಿಗೆ ಸಿಗಡಿ ಬೀಳುತ್ತದೆಂದು ಅಮ್ಮ ತಾವು ತಂದಿದ್ದ ಹುಣಸೆ ಗೊಜ್ಜು ತೆಗೆದರು. ಮಂಡ್ಯ ಸೀಮೆಯಲ್ಲಿ ಹುಟ್ಟಿ ಮುದ್ದೆ ನುಂಗಿ ಬೆಳೆದವರು, ಒಂದು ತುತ್ತಿಗೇ ವಿದ್ಯೆ ಕೈವಶ. ಪಕ್ಕದ ಮೇಜಿನವರು ತಿರುಗಿ ನೋಡಿ ತಲೆದೂಗಿದರು. ರಾಯರು ಅಗಿಯಲು ಹೋದರು.

ಮರುದಿನ ಟೆಂಬುರೋಂಗ್. ದೇಶದ ಈ ತುಂಡು ಮಿಕ್ಕ ಬ್ರೂನೈಗೆ ಅಂಟಿಕೊಂಡಿಲ್ಲ. ನಡುವೆ ಮಲೇಷ್ಯಾದ ಲಿಂಬಾಂಗ್ ಇದೆ. ಈಗ ಕೊಲ್ಲಿಯ ಮೇಲೆ ಸುಮಾರು ಮೂವತ್ತು ಕಿಲೋಮೀಟರಿನ ಸೇತುವೆ, 2020ರಲ್ಲಿ ತೆರೆದದ್ದು. ‘ಮೊದಲು ಹೇಗೆ ಹೋಗುತ್ತಿದ್ದರು?’ ಎಂದರು ರಾಯರು. ದೋಣಿ, ಇಲ್ಲವೇ ಲಿಂಬಾಂಗ್ ಮೂಲಕ ರಸ್ತೆ. ಬ್ರೂನೈ ಬಿಡುವಾಗ ಪಾಸ್‌ಪೋರ್ಟಿಗೆ ಒಂದು ಮುದ್ರೆ, ಮಲೇಷ್ಯಾ ಹೊಕ್ಕಾಗ ಒಂದು, ಬಿಟ್ಟಾಗ ಒಂದು, ಮತ್ತೆ ಬ್ರೂನೈಗೆ ಒಂದು ಎಂದೆ.

‘ಹೋಗಿ ಬಂದರೆ ಎಂಟು!’ ರಾಯರು ಸೀಟಿನಲ್ಲಿ ನೆಟ್ಟಗಾದರು. ‘ಆ ರಸ್ತೆ ಈಗಲೂ ಇದೆಯಾ?’

ಇದೆ. ಆದರೆ ಅವರ ವೀಸಾ ಒಂದೇ ಸಲ ಒಳಬರುವುದಕ್ಕೆ. ಎಂಟು ಮುದ್ರೆಯನ್ನು ನುಂಗಿದ ಆ ಸೇತುವೆಯ ಮೇಲೆ ರಾಯರು ಮತ್ತೆ ಮಾತಾಡಲಿಲ್ಲ. ಕಾಡಿನಲ್ಲಿ ಸಾವಿರಕ್ಕೂ ಮಿಕ್ಕ ಮೆಟ್ಟಿಲು ಹತ್ತಿ, ಮರಗಳ ನೆತ್ತಿಯ ಮೇಲಿನ ಲೋಹದ ಗೋಪುರ ಏರಿದಾಗಲೂ ಆ ಸಿಟ್ಟು ಇಳಿದಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಹಸಿರು. 1929ರಲ್ಲಿ ಸೇರಿಯಾದಲ್ಲಿ ಎಣ್ಣೆ ಸಿಕ್ಕಿದ್ದರಿಂದ ಈ ದೇಶಕ್ಕೆ ಮರ ಕಡಿದು ಮಾರುವ ಗರಜು ಬೀಳಲಿಲ್ಲ. ಅಕ್ಕಪಕ್ಕದಲ್ಲಿ ಹೋದ ಕಾಡು ಇಲ್ಲಿ ಉಳಿದಿದೆ. ರಾಯರು ನಾಲ್ಕು ದಿಕ್ಕಿಗೂ ತಿರುಗಿ ನೋಡಿ, ‘ಏನೂ ಇಲ್ಲವಲ್ರೀ, ಬರೀ ಮರ’ ಎಂದರು. ಒಂದು ಕೈಯಲ್ಲಿ ಕಂಬಿಯನ್ನು ಮಾತ್ರ ಭದ್ರವಾಗಿ ಹಿಡಿದಿದ್ದರು.

ರಾತ್ರಿ ವಿಮಾನ ನಿಲ್ದಾಣದಲ್ಲಿ, ಮುದ್ರೆ ಮಸುಕಾಗಿ ಬಿದ್ದಿದೆ, ಇನ್ನೊಂದು ಹೊಡೆಯಿರಿ ಎಂದು ಅಧಿಕಾರಿಯ ಹತ್ತಿರ ಚೌಕಾಸಿ ಮಾಡುತ್ತಿದ್ದುದು ದೂರದಿಂದ ಕಂಡಿತು. ಅಮ್ಮ ಆಗಲೇ ಆಚೆ ಹೋಗಿದ್ದರು.

ಮೂರು ವಾರದ ಮೇಲೆ ಮೆಲ್ಬೋರ್ನ್‌ನಿಂದ ಮೆಸೇಜು ಬಂತು: ‘ಹೆಣ್ಣು ಮಗು, ಇಬ್ಬರೂ ಕ್ಷೇಮ. ಮೆಲ್ಬೋರ್ನ್ ಮುಕ್ಕಾಲು ಕವರ್ ಆಯ್ತು. ನ್ಯೂಜಿಲೆಂಡಿನಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದಾರಾ?’